ಮಿನಿ ಕಾರಿನ ಮೂಲಪಾಠ

ನಮ್ಮ ತಂದೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು. ಬಿಳಿಯ ಅಂಬಾಸಡರ್. ಆ ಕಾರಿನ ಮೈಮೇಲೆ ಅವರು ಮಾಡಿಸದ ಅಲಂಕಾರವಿರಲಿಲ್ಲ. ಮುಂದಿನ ಗಾಜಿನ ಮೇಲಂಚಿಗೆ ಕೆಂಪು ಕುಚ್ಚು, ಚಾಲಕಚಕ್ರಕ್ಕೆ ಹೆಣೆದ ನೂಲಿನ ಅಂಗಿ, ಎರಡು ಪಕ್ಕಕ್ಕೂ ಬೆರಳಗಲದ ನೀಲಿ ಪಟ್ಟಿ, ಹಿಂಬದಿಯಲ್ಲಿ ಎರಡು ಪುಟ್ಟ ನವಿಲು. ಕಾಲೇಜು ಸೇರಿದ ಹೊಸತರಲ್ಲಿ ನನಗೆ ಆ ನವಿಲುಗಳನ್ನು ಕಂಡರೆ ನಾಚಿಕೆಯಾಗುತ್ತಿತ್ತು. ಕಾರು ಹೇಗೆ ಹುಟ್ಟಿತೋ ಹಾಗೆಯೇ ಏಕಿರಬಾರದು ಎಂದು ಒಮ್ಮೆ ಕೇಳಿದ್ದೆ. ತಂದೆಯವರು ಉತ್ತರ ಹೇಳದೆ ನವಿಲಿನ ಕಣ್ಣನ್ನು ಬಟ್ಟೆಯಿಂದ ಒರೆಸಿದರು.

ಆ ಕಾರು ಹೇಗೆ ಹುಟ್ಟಿತು ಎಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಅಂಬಾಸಡರಿನ ಮೂಲ ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರು. 1958ರ ಸುಮಾರಿಗೆ ಅದನ್ನು ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಹೊಸ ಹೆಸರಿನಿಂದ ತಯಾರಿಸತೊಡಗಿದರು. 2014ರಲ್ಲಿ ಅದರ ಕಾಲ ಮುಗಿಯಿತು. ಈ ಆಕ್ಸ್‌ಫರ್ಡ್ ಮನೆತನದ ಯುದ್ಧಾನಂತರದ ಮೊದಲ ಕುಡಿ 1948ರಲ್ಲಿ ಹೊರಬಂದಿತು. ಅದನ್ನು ರೂಪಿಸಿದವನ ಹೆಸರು ಆಲೆಕ್ ಇಸಿಗೋನಿಸ್. ತಂದೆಯವರ ಕಾರಿನ ವಂಶಾವಳಿಯನ್ನು ಹುಡುಕಿಕೊಂಡು ಹೋದ ನಾನು ಈ ಮನುಷ್ಯನ ಹತ್ತಿರ ನಿಂತುಬಿಟ್ಟೆ. ಏಕೆಂದರೆ ಕಾರಿಗೆ ನವಿಲು ಬರೆಯುವುದರ ಬಗ್ಗೆ ಅವನಿಗೂ ಹದಿನೆಂಟರ ಹರೆಯದ ನನಗೂ ಒಂದೇ ಅಭಿಪ್ರಾಯವಿತ್ತು. ಅವನಾದರೋ ಆ ಅಭಿಪ್ರಾಯವನ್ನು ಸಾಯುವವರೆಗೂ ಬಿಡಲಿಲ್ಲ. ಆದರೆ ಅವನ ಅತ್ಯುತ್ತಮ ಸೃಷ್ಟಿಯಾದ ಮಿನಿ ಕಾರಿಗೆ ಬಂದಷ್ಟು ವಿಶೇಷ ಆವೃತ್ತಿಗಳು, ಬಣ್ಣಗಳು, ಪಟ್ಟೆಗಳು, ಬಿರುದುಗಳು ಜಗತ್ತಿನಲ್ಲಿ ಬಡವರ ಕಾರೆಂದು ಹುಟ್ಟಿದ ಇನ್ನಾವ ಕಾರಿಗೂ ಬಂದಿರಲಾರವು.

ಇಸಿಗೋನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಸ್ಮಿರ್ನಾ ನಗರದಲ್ಲಿ. ಆಗ ಅದು ಆಟೊಮನ್ ಸಾಮ್ರಾಜ್ಯದ ಶ್ರೀಮಂತ ರೇವುಪಟ್ಟಣ. ಇಂದಿನ ತುರ್ಕಿಯ ಇಜ್ಮಿರ್. ತಂದೆ ಕಾನ್‌ಸ್ಟಂಟೈನ್ ಗ್ರೀಕ್ ಮೂಲದವನು. ತಾತ ಬ್ರಿಟಿಷರ ರೈಲುಮಾರ್ಗದ ಕೆಲಸದಲ್ಲಿದ್ದು ಬ್ರಿಟಿಷ್ ಪೌರತ್ವ ಪಡೆದಿದ್ದನು. ಕುಟುಂಬಕ್ಕೆ ಹಡಗಿನ ಯಂತ್ರಗಳ ಕಾರ್ಖಾನೆಯಿತ್ತು. ತಾಯಿ ಹುಲ್ಡಾ ಜರ್ಮನಿಯ ಬವೇರಿಯಾ ಮೂಲದವಳು. ಹೀಗೆ ಗ್ರೀಕ್ ರಕ್ತ, ಜರ್ಮನ್ ತಾಯಿ, ತುರ್ಕಿಯ ನೆಲ, ಬ್ರಿಟಿಷ್ ಪೌರತ್ವ. ಇಷ್ಟೆಲ್ಲ ಸೇರಿದವನು ಕೊನೆಗೆ ಇಂಗ್ಲಿಷರಿಗಿಂತ ಹೆಚ್ಚು ಇಂಗ್ಲಿಷನಾಗಿ ಬಾಳಿದನು. ಬಾಲ್ಯವೆಲ್ಲ ಆ ಕಾರ್ಖಾನೆಯ ಆವರಣದಲ್ಲಿ, ನಕ್ಷೆಕಾರರ ಮೇಜಿನ ಪಕ್ಕದಲ್ಲಿ ಕಳೆಯಿತು.

1922ರ ಸೆಪ್ಟೆಂಬರಿನಲ್ಲಿ ಆ ಬಾಳು ಒಂದೇ ಏಟಿಗೆ ಮುರಿಯಿತು. ತುರ್ಕಿ ಸೇನೆ ಸ್ಮಿರ್ನಾವನ್ನು ಹಿಡಿಯಿತು. ಊರಿಗೆ ಬೆಂಕಿ ಬಿದ್ದಿತು. ಬ್ರಿಟಿಷ್ ಪ್ರಜೆಗಳನ್ನು ಯುದ್ಧನೌಕೆಗಳು ಮಾಲ್ಟಾ ದ್ವೀಪಕ್ಕೆ ಸಾಗಿಸಿದವು. ಮನೆ ಹೋಯಿತು, ಕಾರ್ಖಾನೆ ಹೋಯಿತು. ಕಾಯಿಲೆ ಬಿದ್ದಿದ್ದ ತಂದೆ ಮಾಲ್ಟಾದಲ್ಲಿಯೇ ತೀರಿಕೊಂಡನು. ಮರುವರ್ಷ ವಿಧವೆ ತಾಯಿಯೂ ಹದಿನಾರರ ಮಗನೂ ಇಂಗ್ಲೆಂಡಿಗೆ ಬಂದಿಳಿದರು. ಆ ತಾಯಿ ಮಗನ ಜೊತೆಯನ್ನು ಐವತ್ತು ವರ್ಷ ಬಿಡಲಿಲ್ಲ, ಮಗ ಮದುವೆಯಾಗಲಿಲ್ಲ. 1972ರಲ್ಲಿ ಆಕೆ ಕಣ್ಮುಚ್ಚುವ ತನಕ ಇಬ್ಬರದೂ ಒಂದೇ ಮನೆ. ಹೆಚ್ಚಿನದೇನನ್ನೂ ನೆಚ್ಚದೆ, ಬೇಡವಾದುದನ್ನೆಲ್ಲ ಕಳಚಿಹಾಕಿ, ಇರುವ ಚೂರು ಜಾಗದಲ್ಲಿ ಬೇಕಾದುದನ್ನೆಲ್ಲ ಅಡಕವಾಗಿ ಇಡುವ ಅವನ ಕಲೆಗೆ ಈ ನಿರಾಶ್ರಿತ ಬಾಳು ಕಾರಣವಿರಬಹುದೇ? ಜೀವನಚರಿತ್ರೆ ಬರೆಯುವವರು ಇಂತಹ ಪ್ರಶ್ನೆಗಳಿಗೆ ಸುಲಭವಾಗಿ ಹೌದೆಂದುಬಿಡುತ್ತಾರೆ. ನಾನು ಪ್ರಶ್ನೆಯನ್ನು ಕೇಳಿ ಮುಂದಕ್ಕೆ ಹೋಗುತ್ತೇನೆ.

ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಅವನು ಯಂತ್ರವಿದ್ಯೆ ಓದಿದನು. ಗಣಿತದಲ್ಲಿ ಮೂರು ಸಲ ನಪಾಸಾದನು! ನಮ್ಮ ವಿದ್ಯಾರ್ಥಿಗಳು ಇದನ್ನು ಓದಿ ಸಂತೋಷಪಡುವುದರ ಜೊತೆಗೆ ಇನ್ನೊಂದನ್ನೂ ನೆನಪಿನಲ್ಲಿಡಬೇಕು: ಚಿತ್ರ ಬರೆಯುವುದರಲ್ಲಿ ಅವನ ಕೈಯನ್ನು ಮೀರಿಸುವವರಿರಲಿಲ್ಲ. ಲೆಕ್ಕದಿಂದ ಕಾಣಲಾಗದುದನ್ನು ಅವನು ಸೀಸದಕಡ್ಡಿಯಿಂದ ಕಾಣುತ್ತಿದ್ದನು. ಮುಂದೆ ಅವನ ಸಹಾಯಕರು ಲಕೋಟೆಯ ಬೆನ್ನಿನ ಮೇಲೆ, ಹೋಟೆಲಿನ ಮೇಜುವಸ್ತ್ರದ ಮೇಲೆ ಅವನು ಗೀಚಿಕೊಟ್ಟುದನ್ನು ಅಳತೆಗಿಳಿಸುವಾಗ, ಆ ಗೀಚು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು.

ಈಗ ಅವನ ಬಾಳಿನಲ್ಲಿ ನನಗೆ ಬಹಳ ಮುಖ್ಯವೆಂದು ತೋರುವ, ಆದರೆ ಎಲ್ಲರೂ ಎರಡು ಸಾಲಿನಲ್ಲಿ ಮುಗಿಸಿಬಿಡುವ ಒಂದು ಘಟ್ಟಕ್ಕೆ ಬರುತ್ತೇನೆ. ಆ ಕಾಲದ ಇಂಗ್ಲೆಂಡಿನಲ್ಲಿ ಮಧ್ಯಮವರ್ಗದವರ ಕಾರೆಂದರೆ ಆಸ್ಟಿನ್ ಸೆವೆನ್. ಹರ್ಬರ್ಟ್ ಆಸ್ಟಿನ್ 1922ರಲ್ಲಿ ತಂದ ಆ ಪುಟ್ಟ ಕಾರು ಮೋಟಾರ್ ಸೈಕಲ್ಲಿಗೆ ಪಕ್ಕದ ಗಾಡಿ ಕಟ್ಟಿಕೊಂಡು ಓಡಾಡುತ್ತಿದ್ದ ಸಂಸಾರಗಳನ್ನು ನಾಲ್ಕು ಚಕ್ರದ ಮೇಲೆ ಕೂರಿಸಿತು. ಅದಕ್ಕೂ ವಿಶೇಷ ರೂಪಗಳಿದ್ದವು. ಅವುಗಳಲ್ಲಿ ಅಲ್‌ಸ್ಟರ್ ಎಂಬುದು ಪಂದ್ಯಕ್ಕೆಂದೇ ಮಾಡಿದ್ದು. ಯುವಕ ಇಸಿಗೋನಿಸ್ ಅಂತಹದೊಂದನ್ನು ಇಟ್ಟುಕೊಂಡು ಪಂದ್ಯಗಳಿಗೆ ಹೋಗುತ್ತಿದ್ದನು. ಅದು ಸಾಲದೆಂದು ತೋರಿದಾಗ, ಗೆಳೆಯ ಜಾರ್ಜ್ ಡೌಸನ್ನನೊಡನೆ ಸೇರಿ, ಆಸ್ಟಿನ್ ಸೆವೆನ್ನಿನ ಭಾಗಗಳನ್ನು ಆಧಾರವಾಗಿಟ್ಟುಕೊಂಡು ತನ್ನದೇ ಒಂದು ಪಂದ್ಯದ ಕಾರನ್ನು ಕಟ್ಟಲು ತೊಡಗಿದನು. ವಿದ್ಯುಚ್ಛಕ್ತಿಯ ಸಲಕರಣೆಗಳಿಲ್ಲ; ಗರಗಸ, ಅರ, ಕೈಕೊರೆ ಇಷ್ಟೇ. ಸಂಜೆಗಳನ್ನೂ ಭಾನುವಾರಗಳನ್ನೂ ಸುರಿದು, ಹಲವು ವರ್ಷ ದುಡಿದು, 1938ರಲ್ಲಿ ಅದನ್ನು ಮುಗಿಸಿದರು. ಪದರಮರದ ಎರಡೂ ಮೈಗೆ ಅಲ್ಯೂಮಿನಿಯಂ ತಗಡು ಅಂಟಿಸಿ ಮಾಡಿದ ಒಡಲು, ಕಬ್ಬಿಣದ ಸ್ಪ್ರಿಂಗುಗಳ ಬದಲು ರಬ್ಬರು. ಇವೆಲ್ಲ ಆ ಕಾಲಕ್ಕೆ ಕೇಳಿ ಅರಿಯದ ಸಂಗತಿಗಳು. ಅದಕ್ಕೆ ಅವರಿಟ್ಟ ಹೆಸರು ಲೈಟ್‌ವೇಟ್ ಸ್ಪೆಷಲ್.

ಸ್ಪೆಷಲ್! ಬಡವರ ಕಾರೊಂದರಿಂದ ತೆಗೆದ ವಿಶೇಷ ಪ್ರತಿ. ಮುಂದೆ ತನ್ನ ಕಾರಿಗೆ ವಿಶೇಷ ಪ್ರತಿಯೇ ಬೇಡವೆಂದು ಹಟ ಹಿಡಿದವನು ತನ್ನ ಕೈಕೆಲಸವನ್ನು ಆರಂಭಿಸಿದ್ದು ಇನ್ನೊಬ್ಬನ ಮೂಲಪಾಠವನ್ನು ತಿದ್ದಿಯೇ ಎಂಬುದನ್ನು ವಾಚಕರು ಮರೆಯಬಾರದು.

ಅಷ್ಟರಲ್ಲಿ ಅವನು ಕವೆಂಟ್ರಿಯ ಹಂಬರ್ ಕಂಪನಿಯಲ್ಲಿ ಎರಡು ವರ್ಷ ಕೆಲಸಮಾಡಿ, 1936ರಲ್ಲಿ ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿದ್ದ ಮಾರಿಸ್ ಕಾರ್ಖಾನೆಗೆ ಸೇರಿದ್ದನು. ಎರಡನೆಯ ಮಹಾಯುದ್ಧದ ನಡುವೆಯೇ ಅವನು ಒಂದು ಸಣ್ಣ ಕಾರನ್ನು ಮನಸ್ಸಿನಲ್ಲಿ ಬೆಳೆಸಿದನು. ಅದೇ 1948ರಲ್ಲಿ ಹೊರಬಂದ ಮಾರಿಸ್ ಮೈನರ್. ಅದರ ಹುಟ್ಟಿನಲ್ಲಿ ಒಂದು ಸ್ವಾರಸ್ಯವಿದೆ. ಎಲ್ಲ ಸಿದ್ಧವಾದ ಮೇಲೆ ಕಾರು ತೀರ ಕಿರಿದಾಯಿತೆಂದು ಅವನಿಗೆ ತೋರಿತು. ಒಂದು ಮಾದರಿಯನ್ನು ಉದ್ದುದ್ದಕ್ಕೆ ಎರಡಾಗಿ ಸೀಳಿಸಿ, ಹೋಳುಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಬಂದು, ನಡುವೆ ನಾಲ್ಕು ಅಂಗುಲ ಬಿಟ್ಟಾಗ ಕಣ್ಣಿಗೆ ಒಪ್ಪಿತು. ಆ ನಾಲ್ಕು ಅಂಗುಲದ ಗುರುತು ಮುಂಬದಿಯ ಮುಚ್ಚಳದ ಮೇಲೆ ಚಪ್ಪಟೆ ಪಟ್ಟಿಯಾಗಿ ಕೊನೆಯವರೆಗೂ ಉಳಿಯಿತು. ಒಡೆಯನಾದ ಲಾರ್ಡ್ ನಫೀಲ್ಡನಿಗೆ ಕಾರು ಹಿಡಿಸಲಿಲ್ಲ, ಜನಕ್ಕೆ ಹಿಡಿಸಿತು. 1960ರ ಕೊನೆಗೆ ಹತ್ತು ಲಕ್ಷ ಮೈನರುಗಳು ತಯಾರಾದವು. ಬ್ರಿಟನ್ನಿನ ಯಾವ ಕಾರೂ ಅದಕ್ಕೆ ಮೊದಲು ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ.

ಆ ಸಂತೋಷಕ್ಕೆ ಕಂಪನಿಯವರು ಮಾಡಿದ್ದೇನು? ಸುಮಾರು 350 ಕಾರುಗಳಿಗೆ ತಿಳಿನೇರಳೆ ಬಣ್ಣ ಬಳಿದು, ಒಳಗೆ ಬಿಳಿಯ ತೊಗಲಿನ ಆಸನ ಹೊಲಿಸಿ, ಪಕ್ಕದಲ್ಲಿ ಹತ್ತು ಲಕ್ಷದ ಅಂಕಿಯನ್ನು ಅಂಟಿಸಿ, ಮೈನರ್ ಮಿಲಿಯನ್ ಎಂದು ಕರೆದರು. ಪಾದ್ರಿಗಳೂ ದಾದಿಯರೂ ಶಾಲಾಮಾಸ್ತರರೂ ಓಡಿಸುತ್ತಿದ್ದ ಸಾದಾ ಕಾರು ಮದುವೆಮನೆಗೆ ಹೊರಟಂತಾಯಿತು. ಯಂತ್ರದಲ್ಲಿ ಏನೂ ಬದಲಿಲ್ಲ. ಇಸಿಗೋನಿಸನ ಕಾರೊಂದಕ್ಕೆ ಇಂತಹ ಉತ್ಸವವೇಷ ಬಂದದ್ದು ಅದೇ ಮೊದಲು. ಇಂದು ಆ ನೇರಳೆ ಮೈನರುಗಳನ್ನು ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುತ್ತಾರೆ.

ಈ ನಡುವೆ 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಯಿತು. ಇಸಿಗೋನಿಸ್ ಮುನಿಸಿಕೊಂಡು ಆಲ್ವಿಸ್ ಎಂಬ ಕಂಪನಿಗೆ ಹೋಗಿ, ಅಲ್ಲಿ ಹೊರಬರಲೇ ಇಲ್ಲದ ಒಂದು ದೊಡ್ಡ ಕಾರಿಗಾಗಿ ಮೂರು ವರ್ಷ ಕಳೆದು, 1955ರ ಕೊನೆಗೆ ಹಿಂದಿರುಗಿದನು. ಕರೆಸಿಕೊಂಡವನು ಲೆನಾರ್ಡ್ ಲಾರ್ಡ್. 1956ರಲ್ಲಿ ಸುಯೆಜ್ ಕಾಲುವೆಯ ಗಲಭೆ ಎದ್ದು ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಜನ ಜರ್ಮನಿಯಿಂದ ಬಂದ ಮೂರು ಚಕ್ರದ ಗುಳ್ಳೆಯಂತಹ ಗಾಡಿಗಳನ್ನು ಕೊಳ್ಳತೊಡಗಿದರು. ಲಾರ್ಡನಿಗೆ ಅವುಗಳನ್ನು ಕಂಡರೆ ಮೈಯುರಿ. ನಿಜವಾದ ಒಂದು ಸಣ್ಣ ಕಾರನ್ನು ಬೇಗ ಮಾಡು, ಆದರೆ ನಮ್ಮಲ್ಲಿ ಈಗಾಗಲೇ ಇರುವ ಎಂಜಿನ್ನನ್ನೇ ಬಳಸು ಎಂಬುದು 1957ರ ಮಾರ್ಚ್‌ನಲ್ಲಿ ಇಸಿಗೋನಿಸನಿಗೆ ಸಿಕ್ಕ ಅಪ್ಪಣೆಯ ಸಾರ.

ಅವನು ಮಾಡಿದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರಿನ ಉದ್ದ ಹತ್ತು ಅಡಿ, ಅದರ ಮೇಲೆ ಕಾಲು ಅಂಗುಲ. ಇಷ್ಟರಲ್ಲಿ ನಾಲ್ವರು ದೊಡ್ಡವರೂ ಅವರ ಸಾಮಾನೂ ಹಿಡಿಯಬೇಕು. ಆಗ ಸಾಮಾನ್ಯವಾಗಿ ಎಂಜಿನ್ ಕಾರಿನ ಉದ್ದಕ್ಕೆ ಮಲಗಿರುತ್ತಿತ್ತು. ಅದರ ಹಿಂದೆ ಗೇರುಪೆಟ್ಟಿಗೆ. ಅಲ್ಲಿಂದ ಹಿಂದಿನ ಚಕ್ರಗಳಿಗೆ ಹೋಗುವ ದಂಡ, ಆ ದಂಡಕ್ಕಾಗಿ ನೆಲದ ನಡುವೆ ಒಂದು ದಿಬ್ಬ. ಇಸಿಗೋನಿಸ್ ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿದನು. ಗೇರುಗಳನ್ನು ಎಂಜಿನ್ನಿನ ಕೆಳಗೆ, ಎಣ್ಣೆಯ ತೊಟ್ಟಿಯೊಳಗೇ ಇಳಿಸಿದನು. ಮುಂದಿನ ಚಕ್ರಗಳೇ ಕಾರನ್ನು ಎಳೆಯುವಂತೆ ಮಾಡಿದ್ದರಿಂದ ದಂಡವೂ ಬೇಡವಾಯಿತು, ದಿಬ್ಬವೂ ಬೇಡವಾಯಿತು. ಡನ್‌ಲಪ್ ಕಂಪನಿಯಿಂದ ಹತ್ತೇ ಅಂಗುಲದ ಚಕ್ರಗಳಿಗೆ ಟೈರು ಮಾಡಿಸಿದನು. ಸ್ಪ್ರಿಂಗಿನ ಜಾಗಕ್ಕೆ ಗೆಳೆಯ ಆಲೆಕ್ಸ್ ಮೌಲ್ಟನ್ ರಬ್ಬರಿನ ಶಂಕುಗಳನ್ನು ಕೊಟ್ಟನು. ಲೈಟ್‌ವೇಟ್ ಸ್ಪೆಷಲ್ಲಿನ ರಬ್ಬರು ಇಪ್ಪತ್ತು ವರ್ಷದ ಮೇಲೆ ಬೇರೆ ವೇಷದಲ್ಲಿ ಬಂದಿತೆನ್ನಬಹುದು. ಹೀಗೆ ಕಾರಿನ ನೆಲದ ಐದರಲ್ಲಿ ನಾಲ್ಕು ಪಾಲು ಜನಕ್ಕೂ ಸಾಮಾನಿಗೂ ಉಳಿಯಿತು. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಪೆಟ್ರೋಲಿನ ಸಣ್ಣ ಕಾರುಗಳ ಮುಚ್ಚಳ ತೆರೆದು ನೋಡಿದರೆ ಸಾಮಾನ್ಯವಾಗಿ ಎಂಜಿನ್ ಅಡ್ಡಕ್ಕೆ ಮಲಗಿರುವುದೂ ಮುಂದಿನ ಚಕ್ರಗಳು ಎಳೆಯುವುದೂ ಕಾಣುತ್ತದೆ. ಆ ಕ್ರಮ ಲೋಕದಲ್ಲಿ ನೆಲೆಗೊಂಡದ್ದು ಮಿನಿಯ ಗೆಲುವಿನಿಂದ.

ಒಳಗಿನ ವೈರಾಗ್ಯವೂ ಅಷ್ಟೇ ಮುಖ್ಯ. ಎದುರಿಗೆ ನಡುಮಧ್ಯದಲ್ಲಿ ಒಂದೇ ಒಂದು ಗಡಿಯಾರದಂತಹ ಮಾಪಕ. ಬಾಗಿಲಿನ ಗಾಜು ಕೆಳಗಿಳಿಯದು, ಪಕ್ಕಕ್ಕೆ ಸರಿಯುವುದು. ಆದ್ದರಿಂದ ಬಾಗಿಲಿನ ಹೊಟ್ಟೆ ಖಾಲಿಯಾಗಿ ಅಲ್ಲಿ ದೊಡ್ಡದೊಂದು ಚೀಲದಷ್ಟು ಜಾಗ ಸಿಕ್ಕಿತು. ತನ್ನ ಪ್ರೀತಿಯ ಮದ್ಯದ ಸೀಸೆಗಳ ಅಳತೆಗೆ ಸರಿಯಾಗಿ ಅದನ್ನು ಮಾಡಿಸಿದನೆಂದು ಹೇಳುತ್ತಾರೆ. ಬಾಗಿಲು ತೆರೆಯಲು ಒಳಗೊಂದು ತಂತಿ. ರೇಡಿಯೋ ಇಲ್ಲ. ಕಾರಿನಲ್ಲಿ ರೇಡಿಯೋ ಇರಕೂಡದೆಂಬುದು ಅವನ ಮತ. ಗಾಡಿ ನಡೆಸುವವನ ಗಮನ ಗಾಡಿ ನಡೆಸುವುದರಲ್ಲಿರಬೇಕು. ಆಸನಗಳು ತೀರ ಸುಖವಾಗಿರುವುದೂ ಅವನಿಗೆ ಸೇರದು.

1959ರ ಆಗಸ್ಟ್ 26ರಂದು ಕಾರು ಲೋಕಕ್ಕೆ ಬಂದಿತು. ಒಂದೇ ಕಾರಿಗೆ ಎರಡು ಹೆಸರು: ಮಾರಿಸ್ ಅಂಗಡಿಯಲ್ಲಿ ಮಿನಿ ಮೈನರ್, ಆಸ್ಟಿನ್ ಅಂಗಡಿಯಲ್ಲಿ ಆಸ್ಟಿನ್ ಸೆವೆನ್. ಅವನು ಯೌವನದಲ್ಲಿ ಬಿಚ್ಚಿ ಕಟ್ಟಿದ ಆ ಹಳೆಯ ಕಾರಿನ ಹೆಸರನ್ನೇ ಅವನ ಹೊಸ ಕಾರಿಗೆ ಇಟ್ಟಿದ್ದರು! 1962ರಲ್ಲಿ ಆಸ್ಟಿನ್ನಿನವರೂ ಮಿನಿ ಎಂದೇ ಕರೆದರು. ಬೆಲೆ ತೆರಿಗೆಯೂ ಸೇರಿ ಐನೂರು ಪೌಂಡಿಗೆ ತುಸು ಕಡಿಮೆ. ಫೋರ್ಡ್ ಕಂಪನಿಯವರು ಒಂದನ್ನು ಕೊಂಡು ತಿರುಪು ತಿರುಪಾಗಿ ಬಿಚ್ಚಿ, ಇದನ್ನು ಮಾರುವವರಿಗೆ ಕಾರಿಗೆ ಮೂವತ್ತು ಪೌಂಡು ನಷ್ಟವೆಂದು ಲೆಕ್ಕ ಹಾಕಿದ ಕಥೆ ಪ್ರಸಿದ್ಧವಾಗಿದೆ. ಮಳೆ ಬಂದರೆ ಮೊದಮೊದಲ ಕಾರುಗಳ ನೆಲದಲ್ಲಿ ನೀರು ನಿಲ್ಲುತ್ತಿತ್ತು. ತಗಡಿನ ಜೋಡಣೆಯೇ ತಿರುಗುಮುರುಗಾಗಿತ್ತು. ಬಡವರಿಗೆಂದು ಮಾಡಿದ ಕಾರನ್ನು ಬಡವರು ಮೊದಲು ನಂಬಲಿಲ್ಲ. ಕೊಂಡವರು ನಟರು, ಗಾಯಕರು, ಸಿರಿವಂತರ ಮಕ್ಕಳು. ಬಡಗಿಯೂ ಕಂಡಕ್ಟರನೂ ಓಡಿಸಲೆಂದು ಬಯಸಿದ ಕಾರಿನಲ್ಲಿ ಬೀಟಲ್ಸ್ ತಂಡದವರು ಓಡಾಡಿದರು. ಪೀಟರ್ ಸೆಲರ್ಸ್ ಎಂಬ ಹಾಸ್ಯನಟ ತನ್ನ ಮಿನಿಯ ಪಕ್ಕಗಳಿಗೆ ಬೆತ್ತದ ಹೆಣಿಗೆಯಂತೆ ಚಿತ್ರ ಬರೆಸಿದನು. ನಮ್ಮ ತಂದೆಯವರ ನವಿಲಿಗೂ ಸೆಲರ್ಸನ ಬೆತ್ತಕ್ಕೂ ಖರ್ಚಿನಲ್ಲಿ ಮಾತ್ರ ವ್ಯತ್ಯಾಸವಷ್ಟೆ?

ಇಲ್ಲಿ ಜಾನ್ ಕೂಪರನ ಪ್ರವೇಶ. ಕೂಪರ್ ಪಂದ್ಯದ ಕಾರುಗಳನ್ನು ಕಟ್ಟುವವನು; ಅವನ ಕಾರುಗಳು 1959, 1960 ಎರಡು ವರ್ಷವೂ ಜಗತ್ತಿನ ಅಗ್ರಸ್ಥಾನ ಗೆದ್ದಿದ್ದವು. ಇಸಿಗೋನಿಸನಿಗೆ ಪಂದ್ಯದ ಮೈದಾನಗಳ ಹಳೆಯ ಪರಿಚಯ. ಮಿನಿ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವ ಬಗೆಯನ್ನು ನೋಡಿದ ಕೂಪರ್, ಇದಕ್ಕೆ ಇನ್ನಷ್ಟು ಶಕ್ತಿಯ ಎಂಜಿನ್ನನ್ನೂ ಒಳ್ಳೆಯ ಬ್ರೇಕನ್ನೂ ಕೊಟ್ಟರೆ ದೊಡ್ಡ ಕಾರುಗಳನ್ನು ಹಿಂದೆ ಹಾಕುತ್ತದೆ ಎಂದು ಹೇಳಿದನು. ಇಸಿಗೋನಿಸ್ ಒಪ್ಪಲಿಲ್ಲ. ತಾನು ಮಾಡಿದ್ದು ಜನಸಾಮಾನ್ಯರ ವಾಹನ, ಪಂದ್ಯದ ಕುದುರೆಯಲ್ಲ ಎಂಬುದು ಅವನ ನಿಲುವು. ಲೈಟ್‌ವೇಟ್ ಸ್ಪೆಷಲ್ಲಿನ ಕರ್ತೃ ಹೀಗೆನ್ನಬಹುದೇ ಎಂದು ಕೂಪರ್ ಕೇಳಿದನೋ ಇಲ್ಲವೋ, ನಾನಂತೂ ಕೇಳುತ್ತಿದ್ದೆ. ಕೂಪರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಹ್ಯಾರಿಮನ್ನನ ಬಳಿಗೆ ಹೋದನು. ಪಂದ್ಯದ ನಿಯಮಕ್ಕೆ ಬೇಕಾದ ಸಾವಿರ ಕಾರು ಮಾಡಲು ಅನುಮತಿ ದೊರೆಯಿತು. ಕೂಪರನಿಗೆ ಕಾರಿಗೆ ಎರಡು ಪೌಂಡು ಸಂಭಾವನೆ.

1961ರ ಸೆಪ್ಟೆಂಬರಿನಲ್ಲಿ ಮಿನಿ ಕೂಪರ್ ಹೊರಬಂದಿತು. ಎಂಜಿನ್ 848 ಘನ ಸೆಂಟಿಮೀಟರಿನಿಂದ 997ಕ್ಕೆ ಬೆಳೆಯಿತು. ಅಶ್ವಶಕ್ತಿ 34ರಿಂದ 55ಕ್ಕೆ ಏರಿತು. ಮುಂದಿನ ಚಕ್ರಗಳಿಗೆ ಬಿಲ್ಲೆಯ ಬ್ರೇಕು. ಮೈಗೊಂದು ಬಣ್ಣ, ಮಾಡಿಗೊಂದು ಬಣ್ಣ. 1963ರಲ್ಲಿ ಇನ್ನೂ ಬಲವಾದ ಕೂಪರ್ ಎಸ್. ಆಮೇಲೆ ನಡೆದುದು ಕಥೆಯಂತಿದೆ. ಮಂಜು ಹಿಮಗಳ ಬೆಟ್ಟದ ದಾರಿಯಲ್ಲಿ ನಡೆಯುವ ಮಾಂಟೆ ಕಾರ್ಲೊ ಪಂದ್ಯದಲ್ಲಿ 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಟಿಮೊ ಮ್ಯಾಕಿನೆನ್ ಮಿನಿಯಲ್ಲಿ ಗೆದ್ದರು. 1966ರಲ್ಲಿ ಮೊದಲ ಮೂರು ಸ್ಥಾನವೂ ಮಿನಿಗೇ. ಆದರೆ ಮುಂದಿನ ದೀಪವನ್ನು ತಗ್ಗಿಸುವ ಏರ್ಪಾಟು ನಿಯಮಕ್ಕೆ ಸರಿಹೊಂದದೆಂದು ಮೂರನ್ನೂ ಕೈಬಿಟ್ಟು, ಫ್ರೆಂಚರ ಸಿಟ್ರೊಯೆನ್ ಕಾರಿಗೆ ಬಹುಮಾನ ಕೊಟ್ಟರು. ಗೆದ್ದಿದ್ದರೆ ಬರುತ್ತಿದ್ದುದಕ್ಕಿಂತ ಹೆಚ್ಚಿನ ಕೀರ್ತಿ ಈ ಸೋಲಿನಿಂದ ಬಂದಿತು. 1967ರಲ್ಲಿ ರೌನೊ ಆಲ್ಟೊನೆನ್ ಮತ್ತೆ ಗೆದ್ದುಕೊಟ್ಟನು.

ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೂಪರ್ ಮಾಡಿದ್ದು ಪ್ರಕ್ಷಿಪ್ತವಲ್ಲ, ವ್ಯಾಖ್ಯಾನ. ಮೂಲದಲ್ಲಿ ಅಡಗಿದ್ದ, ಕರ್ತೃವೇ ಒಪ್ಪಿಕೊಳ್ಳದ ಅರ್ಥವೊಂದನ್ನು ಅವನು ಹೊರತೆಗೆದನು. ಮಿನಿ ತಿರುವಿನಲ್ಲಿ ಹಾಗೆ ಅಂಟಿ ನಡೆಯುತ್ತಿದ್ದುದು ಇಸಿಗೋನಿಸನ ಕೈಚಳಕವೇ ಹೊರತು ಕೂಪರನದಲ್ಲ. ಪಂದ್ಯದ ಹುಚ್ಚಿನ ಆ ಹಳೆಯ ಯುವಕ ತನಗರಿವಿಲ್ಲದೆ ಜನಸಾಮಾನ್ಯರ ವಾಹನದೊಳಗೆ ಕುಳಿತಿದ್ದನು. ಕೂಪರ್ ಅವನನ್ನು ಗುರುತಿಸಿದನು, ಅಷ್ಟೆ.

ಅರುವತ್ತರ ದಶಕ ಇಸಿಗೋನಿಸನ ವೈಭವದ ಕಾಲ. 1965ರಲ್ಲಿ ಹತ್ತು ಲಕ್ಷದ ಮಿನಿ. 1967ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ಗಣಿತದಲ್ಲಿ ಮೂರು ಸಲ ಬಿದ್ದವನಿಗೆ! 1969ರಲ್ಲಿ ಸರ್ ಪದವಿ. ಆದರೆ ವೈಭವದ ಒಳಗೇ ಹುಳು ಹಿಡಿದಿತ್ತು. ಅವನಿಗೆ ಮಾರುಕಟ್ಟೆಯ ಜನರ ಅಭಿಪ್ರಾಯ ಕೇಳುವುದೆಂದರೆ ಅಪಮಾನ. ಖರ್ಚಿನ ಲೆಕ್ಕ ಅವನ ಕಿವಿಗೆ ಬೀಳುತ್ತಿರಲಿಲ್ಲ. ಸಹಾಯಕರನ್ನು ಮಾತಿನಲ್ಲಿ ತಿವಿಯುತ್ತಿದ್ದನು. 1962ರ ಹನ್ನೊಂದುನೂರು ಎಂಬ ಕಾರು ಬಹುಜನಪ್ರಿಯವಾಯಿತಾದರೂ, ಆಮೇಲೆ ಬಂದ ದೊಡ್ಡ ಕಾರುಗಳು ಜಾಗದಲ್ಲಿ ಉದಾರವಾಗಿ ಅಂದದಲ್ಲಿ ಜಿಪುಣವಾಗಿದ್ದವು, ಜನ ಕೊಳ್ಳಲಿಲ್ಲ. ತನಗೆ ಬೇಡವಾದುದು ಲೋಕಕ್ಕೂ ಬೇಡವೆಂದು ತಿಳಿಯುವುದು ಪ್ರತಿಭಾವಂತರ ಹಳೆಯ ರೋಗ. ಮಿನಿಯಲ್ಲಿ ಆ ರೋಗವೇ ಗುಣವಾಗಿತ್ತು. ಉಳಿದ ಕಡೆ ರೋಗವಾಗಿಯೇ ಉಳಿಯಿತು.

1968ರಲ್ಲಿ ಕಂಪನಿ ಲೇಲ್ಯಾಂಡಿನೊಡನೆ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಹೊಸ ಒಡೆಯ ಡೊನಾಲ್ಡ್ ಸ್ಟೋಕ್ಸ್ ಲೆಕ್ಕದ ಪುಸ್ತಕ ಓದಬಲ್ಲವನು. ಇಸಿಗೋನಿಸ್ ಆಗ ಮಿನಿಯ ಜಾಗಕ್ಕೆ ಬರಬೇಕಾದ, ಅದಕ್ಕಿಂತಲೂ ಗಿಡ್ಡನೆಯ, ಒಳಗೆ ಇನ್ನೂ ವಿಶಾಲವಾದ ಒಂದು ಹೊಸ ಕಾರನ್ನು ಸಿದ್ಧಪಡಿಸಿದ್ದನು. ಅದಕ್ಕೆ ಹೆಸರೂ ಬರಲಿಲ್ಲ, ಒಂಬತ್ತು ಎಕ್ಸ್ ಎಂಬ ಸಂಕೇತವಷ್ಟೆ. ಅದನ್ನು ಬದಿಗಿಟ್ಟುಬಿಟ್ಟರು. ಅವನ ಬಾಳಿನ ದೊಡ್ಡ ನೋವು ಅದೇ ಎಂದು ನನಗನ್ನಿಸುತ್ತದೆ. ಮೂಲವನ್ನು ತಾನೇ ಪರಿಷ್ಕರಿಸಿ ಕೊಡುತ್ತೇನೆಂದು ಕರ್ತೃ ಮುಂದೆ ಬಂದಾಗ ಬೇಡವೆಂದವರು, ಹಳೆಯ ಮಿನಿಗೆ ಚೌಕನೆಯ ಮೂಗನ್ನು ಅಂಟಿಸಿ 1969ರಲ್ಲಿ ಕ್ಲಬ್‌ಮನ್ ಎಂದು ಮಾರಿದರು. 1971ರಲ್ಲಿ ಕೂಪರನ ಒಪ್ಪಂದವನ್ನೂ ಮುಗಿಸಿದರು. ಅದೇ ವರ್ಷ ಇಸಿಗೋನಿಸ್ ನಿವೃತ್ತನಾದನು. ಬೀಳ್ಕೊಡುಗೆಗೆ ಅವನಿಗೆ ಕೊಟ್ಟದ್ದು ಮಕ್ಕಳು ಜೋಡಿಸಿ ಆಡುವ ಮೆಕ್ಯಾನೊ ಸಾಮಗ್ರಿಯ ದೊಡ್ಡ ಪೆಟ್ಟಿಗೆ. ಚೌಕ ಮೂಗಿನ ಕ್ಲಬ್‌ಮನ್ 1980ರಲ್ಲಿ ಸತ್ತಿತು. ದುಂಡು ಮುಖದ ಮೂಲ ಮಿನಿ ಮತ್ತೂ ಇಪ್ಪತ್ತು ವರ್ಷ ಬದುಕಿತು.

ಹೇಗೆ ಬದುಕಿತು? ಇಲ್ಲಿ ವಿಶೇಷ ಆವೃತ್ತಿಗಳ ನಿಜವಾದ ಮೆರವಣಿಗೆ ಶುರುವಾಗುತ್ತದೆ. 1976ರಲ್ಲಿ ಹಸಿರು ಬಿಳುಪಿನ ಮೈ, ಕಿತ್ತಳೆ ಪಟ್ಟೆಯ ಆಸನಗಳ ಮೂರು ಸಾವಿರ ಕಾರು. 1979ರಲ್ಲಿ ಇಪ್ಪತ್ತನೆಯ ವರ್ಷದ ನೆನಪಿಗೆ ಒಂದು. 1984ರಲ್ಲಿ ಬೆಳ್ಳಿಯ ಹಬ್ಬಕ್ಕೆ ಬೆಳ್ಳಿಬಣ್ಣದ ಮಿನಿ 25. ಐದು ಸಾವಿರ ಕಾರು, ಮಕಮಲ್ಲಿನ ಆಸನ, ಮತ್ತು ರೇಡಿಯೋ! ಆಮೇಲೆ ವರ್ಷಕ್ಕೊಂದೆರಡು. ಅವುಗಳ ಹೆಸರುಗಳನ್ನು ನೋಡಿ: ರಿಟ್ಜ್, ಚೆಲ್ಸಿ, ಪಿಕಡಿಲಿ, ಪಾರ್ಕ್ ಲೇನ್. ಲಂಡನ್ನಿನ ಸಿರಿವಂತರ ಹೋಟೆಲು, ಬೀದಿ, ಬಡಾವಣೆಗಳ ಹೆಸರುಗಳು. ಅಡ್ವಾಂಟೇಜ್ ಎಂಬುದರ ಪಕ್ಕದಲ್ಲಿ ಟೆನಿಸ್ ಬಲೆಯ ಚಿತ್ರ. 1988ರಲ್ಲಿ ಉಡುಪು ವಿನ್ಯಾಸದ ಮೇರಿ ಕ್ವಾಂಟ್‌ಳ ಕೈಯಿಂದ ಒಂದು, ಕಪ್ಪುಬಿಳಿ ಪಟ್ಟೆಯ ಆಸನಗಳದು. ತುಂಡು ಲಂಗಕ್ಕೆ ಮಿನಿ ಎಂಬ ಹೆಸರಿಟ್ಟದ್ದು ತಾನು ಮೆಚ್ಚಿದ ಈ ಕಾರಿನಿಂದಲೇ ಎಂದು ಆಕೆಯ ಹೇಳಿಕೆ. ಇವುಗಳಲ್ಲಿ ಹೆಚ್ಚಿನವುಗಳ ಯಂತ್ರ ಅದೇ, ಅಳತೆ ಅದೇ, ಸದ್ದು ಅದೇ. ಬಣ್ಣ, ಬಟ್ಟೆ, ಬಿಲ್ಲೆ ಮಾತ್ರ ಹೊಸದು. ಹಳೆಯ ಪುಸ್ತಕವನ್ನು ಹೊಸ ರಟ್ಟು ಹಾಕಿ ಮಾರುವ ಪ್ರಕಾಶಕರನ್ನು ನಾವು ಕಾಣದವರೇನಲ್ಲ.

ಈ ಆವೃತ್ತಿಗಳನ್ನು ನಾನು ಮೊದಲು ಹಾಸ್ಯಮಾಡುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಎಂಬತ್ತರ ದಶಕಕ್ಕೆ ಮಿನಿ ಮುದಿಯಾಗಿತ್ತು. 1980ರಲ್ಲಿ ಕಂಪನಿಯವರೇ ಮೆಟ್ರೊ ಎಂಬ ಹೊಸ ಸಣ್ಣ ಕಾರನ್ನು ತಂದು, ಮಿನಿ ತಾನಾಗಿ ಕಣ್ಮರೆಯಾಗಲಿ ಎಂದು ಕಾಯುತ್ತಿದ್ದರು. ಹೊಸ ಯಂತ್ರಕ್ಕೆ ಹಣ ಹಾಕುವವರಿಲ್ಲದ ಆ ದಿನಗಳಲ್ಲಿ, ಎರಡು ಡಬ್ಬ ಬಣ್ಣ, ನಾಲ್ಕು ಮಾರು ಬಟ್ಟೆ ಜನರನ್ನು ಮತ್ತೆ ಅಂಗಡಿಗೆ ಕರೆತಂದವು. 1986ರಲ್ಲಿ ಐವತ್ತು ಲಕ್ಷದ ಮಿನಿ ಹೊರಬಂದಿತು. ಕರ್ತೃವಿಗೆ ಸೇರದ ರೇಡಿಯೋ, ಕರ್ತೃವಿಗೆ ಸೇರದ ಮಕಮಲ್ಲು ಅವನ ಕಾರನ್ನು ಹೊತ್ತು ನಡೆಸಿದವು. ಕಾವ್ಯಕ್ಕೂ ಹೀಗಾಗುವುದುಂಟು. ಹಾಡುವವರು ಸೇರಿಸಿದ ಸಾಲುಗಳನ್ನು ನಾವು ಅಡಿಟಿಪ್ಪಣಿಗೆ ತಳ್ಳುತ್ತೇವೆ; ಹಾಡುವವರಿಲ್ಲದಿದ್ದರೆ ಓಲೆಗಳು ಗೆದ್ದಲಿಗೆ ಹೋಗುತ್ತಿದ್ದವು.

ಇಸಿಗೋನಿಸನ ಕೊನೆಯ ವರ್ಷಗಳು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ ಕಳೆದವು. ತಾಯಿಯ ಮರಣಾನಂತರ ಒಂಟಿ. ಸಲಹೆಗಾರನೆಂಬ ಹೆಸರಿನಲ್ಲಿ ಕಂಪನಿಯ ನಂಟು 1987ರವರೆಗೂ ಇತ್ತು. ಮನೆಯಲ್ಲಿ ಕುಳಿತು ನಕ್ಷೆ ಬರೆಯುವುದು, ಆಟದ ಉಗಿಬಂಡಿಗಳನ್ನು ಕಟ್ಟುವುದು. ಆರೋಗ್ಯ ಕೆಡುತ್ತ ಬಂದು, ನಡೆದಾಟ ನಿಂತು, 1988ರ ಅಕ್ಟೋಬರ್ 2ರಂದು, ಎಂಬತ್ತೆರಡು ತುಂಬಲು ಕೆಲವೇ ವಾರಗಳಿರುವಾಗ ತೀರಿಕೊಂಡನು. ಕ್ವಾಂಟ್‌ಳ ಪಟ್ಟೆಯ ಮಿನಿ ಆ ವರ್ಷದ್ದೇ.

ಮುಂದಿನ ವರ್ಷ ಮಿನಿ 30. 1990ರಲ್ಲಿ ಕೂಪರನ ಹೆಸರು ಮರಳಿತು. ಮೊದಲು ಸಾವಿರದ ಸುಮಾರಿನ ವಿಶೇಷ ಆವೃತ್ತಿಯಾಗಿ, ಜನ ಮುಗಿಬಿದ್ದುದನ್ನು ಕಂಡು ಆಮೇಲೆ ನಿತ್ಯದ ಕಾರಾಗಿ. 1994ರಲ್ಲಿ ಕಂಪನಿಯನ್ನು ಜರ್ಮನಿಯ ಬಿಎಂಡಬ್ಲ್ಯೂ ಕೊಂಡಿತು. ಅದರ ಅಂದಿನ ಮುಖ್ಯಸ್ಥ ಬರ್ಂಡ್ ಪಿಶೆಟ್ಸ್‌ರೀಡರ್ ಹುಲ್ಡಾಳ ಕಡೆಯಿಂದ ಇಸಿಗೋನಿಸನ ನೆಂಟ. ಸ್ಮಿರ್ನಾದಿಂದ ಹೊರಟ ಸಂಸಾರದ ಆಸ್ತಿ ಎಷ್ಟು ಸುತ್ತು ಬಳಸಿ ಬಂಧುಗಳ ಕೈ ಸೇರಿತು! 1999ರಲ್ಲಿ ಶತಮಾನದ ಕಾರು ಯಾವುದೆಂದು ಜಗತ್ತಿನ ಪತ್ರಕರ್ತರು ಮತ ಹಾಕಿದಾಗ ಫೋರ್ಡನ ಮಾಡೆಲ್ ಟಿ ಮೊದಲನೆಯದು, ಮಿನಿ ಎರಡನೆಯದು.

ತಂದೆಯವರ ಅಂಬಾಸಡರನ್ನು ಮಾರಿದ ದಿನ ಕೊಳ್ಳುವವನು ಬೆಲೆ ಇಳಿಸಲೆಂದು ನವಿಲುಗಳನ್ನು ತೋರಿಸಿ ನಕ್ಕಿದ್ದನು. ತಂದೆಯವರು ಬೆಲೆ ಇಳಿಸಿದರು, ನವಿಲುಗಳನ್ನು ಅಳಿಸಿಕೊಡಲು ಮಾತ್ರ ಒಪ್ಪಲಿಲ್ಲ. ಅಂದು ನಾನು ಕೊಳ್ಳುವವನ ಕಡೆ ಇದ್ದೆ.

ಹಳೆಯ ಮಿನಿಯ ಕೊನೆಯ ಪ್ರತಿ 2000ದ ಅಕ್ಟೋಬರ್ 4ರಂದು ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಹೊರಬಂದಿತು. ಒಟ್ಟು ಸಂಖ್ಯೆ 53,87,862. ಆ ಕೊನೆಯದು ಕೆಂಪು ಬಣ್ಣದ ಕೂಪರ್ ಸ್ಪೋರ್ಟ್. ಅದನ್ನು ಗೇಡನ್ ಎಂಬ ಊರಿನ ಮೋಟಾರು ವಸ್ತುಸಂಗ್ರಹಕ್ಕೆ ಕೊಟ್ಟರು. 1959ರ ಮೊದಲ ಮಾರಿಸ್ ಮಿನಿ ಮೈನರೂ ಅಲ್ಲಿಯೇ ಇದೆ. ಬಿಳಿಯದು, ಪಟ್ಟೆಯಿಲ್ಲದ್ದು, ರೇಡಿಯೋ ಇಲ್ಲದ್ದು.